ಹಂಡೆಗೆ ಬಿದ್ದ ಲಾಳ

ಆಡೂರಿನ ಪರಮೇಶಪ್ಪ ಆ ಭಾನುವಾರ ಹನ್ನೆರಡರೊಳಗೆ ಹೋರಿ ಓಟದ ಮೈದಾನ ಸೇರಲೇಬೇಕಿತ್ತು. ಮೂರು ವರ್ಷ ಹಿಂಡಿ ತಿನ್ನಿಸಿ ಸಾಕಿದ ಅವನ ಹೋರಿ ‘ಆಡೂರ ಮಿಂಚು’ ಹಿಡಿಯಲು ಮುಗಿಬೀಳುವವರ ನಡುವೆ ಮೊದಲ ಸಲ ಓಡುವುದಿತ್ತು. ಹೋರಿ ಬಿಡುವ ಹಗ್ಗ ತಮ್ಮ ಹಾಲೇಶನ ಕೈಯಲ್ಲಿದ್ದರೂ ನೋಡುವ ಕಣ್ಣು ತನ್ನದಿರಲಿ ಎಂಬುದು ಅವನ ಆಸೆ.

ಆದರೆ ಹಿತ್ತಲಿನಲ್ಲಿ ಹೆಂಡತಿ ಉಡಚವ್ವ, ಗೆಳತಿಯರಾದ ಮಾಹೀರಾ ಮತ್ತು ಗೌಹರರ ಜೊತೆ ಸೇರಿ ಮೂರು ಕಲ್ಲಿನ ಒಲೆ ಹೂಡಿದ್ದಳು. ತಾಮ್ರದ ಹಂಡೆಯಲ್ಲಿ ದಾಳಿಂಬೆ ಸಿಪ್ಪೆ ಕುದಿಸಿ ನೂಲಿಗೆ ಹಳದಿ ಬಣ್ಣ ಹಾಕುತ್ತಿದ್ದರು. ನೂಲಿನ ವ್ಯಾಪಾರಿ ಅಲ್ಲಾಭಕ್ಷ ಸವಣೂರಿನಿಂದ ನೋಡಲು ಬರುವವರಿದ್ದರು. ಕೋಲು ಹಿಡಿದು ಹಂಡೆ ತಿರುವುವ ಕೆಲಸ ಮಾತ್ರ ಪರಮೇಶಪ್ಪನ ಕೊರಳಿಗೆ ಬಿದ್ದಿತ್ತು.

ತಪ್ಪಿಸಿಕೊಳ್ಳಲು ಹೊಟ್ಟೆನೋವು ಎಂದ, ಗೌಹರ ಅಜವಾನ ತಿನ್ನಿಸಿದಳು. ಹೊಗೆಗೆ ಕಣ್ಣುರಿ ಎಂದ. ಮಾಹೀರಾ ತನ್ನ ಗಂಡನ ಕರಿ ಕನ್ನಡಕ ತಂದು ಅವನ ಮೂಗಿಗೇರಿಸಿದಳು.

ಕಬ್ಬಿಣ ಸೋಕಿದರೆ ಈ ಹಳದಿ ಕಪ್ಪಿಡುತ್ತದೆಂದು ಉಡಚವ್ವ ಕಬ್ಬಿಣದ ಸೌಟನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕೆಲಸ ಕೆಡಿಸಿದರೆ ಅವಳೇ ಓಡಿಸುತ್ತಾಳೆ ಎಂದುಕೊಂಡ ಪರಮೇಶಪ್ಪ, ದನದ ಕೊಟ್ಟಿಗೆಯಿಂದ ಎತ್ತಿನ ತುಕ್ಕು ಹಿಡಿದ ನಾಲ್ಕು ಲಾಳ ತಂದು ಮೆಲ್ಲಗೆ ಹಂಡೆಗೆ ಬಿಟ್ಟ.

ಅರ್ಧ ತಾಸಿನಲ್ಲಿ ಬಂಗಾರದಂಥ ನೂಲು ಮಳೆಮೋಡದ ಬಣ್ಣಕ್ಕೆ ತಿರುಗಿತು. ಉಡಚವ್ವ ನೂಲಿನ ಲಡಿಗಳನ್ನು ತಂತಿಗೆ ಹಾಕಿ ಅತ್ತೇಬಿಟ್ಟಳು. ಗಂಡನಿಗೆ ಪಾಪ ಅನ್ನಿಸಿತು. ಆದರೂ ಅವಳು ಕೋಲು ಕಸಿದು ಹೊರಗೆ ನಡೆಯಿರಿ ಎಂದದ್ದೇ ತಡ, ಚಪ್ಪಲಿ ಮೆಟ್ಟಿದ.

ಹೊಸ್ತಿಲಲ್ಲೇ ಅಲ್ಲಾಭಕ್ಷ ಎದುರಾದರು. ಅವರು ಒಳಗೆ ಬಂದು ಒಂದು ಲಡಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು.

“ಎರಡು ವರ್ಷದಿಂದ ಇಂಥಾ ಬಣ್ಣಾನ ಹುಡುಕಾಕತ್ತೇನಿ. ಇದನ್ನ ತೆಗದವರು ಯಾರ್ರಿ?”

ಸುಮ್ಮನೆ ಹೋಗಿದ್ದರೆ ಓಟ ಸಿಗುತ್ತಿತ್ತು. ಆದರೆ ಮೂವತ್ತು ವರ್ಷದ ಸಂಸಾರದಲ್ಲಿ ಪರಮೇಶಪ್ಪನ ಕೆಲಸವನ್ನು ಯಾರೂ ಹೊಗಳಿದ್ದಿಲ್ಲ. ಕಾಲು ತಾನಾಗಿ ಹಿಂದಕ್ಕೆ ಬಂತು.

“ನಾನ ರೀ. ಲಾಳ ಹಾಕಿ ತೆಗದೇನಿ.”

ಗೆಳತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಲ್ಲಾಭಕ್ಷ ಇನ್ನೂ ಹತ್ತು ಲಡಿ ಈಗಲೇ ಒಯ್ಯುತ್ತೇನೆ, ಅದೂ ಪರಮೇಶಪ್ಪನವರ ಕೈಯಿಂದಲೇ ಆಗಬೇಕು ಎಂದು ಕುಳಿತೇಬಿಟ್ಟರು. ಉಡಚವ್ವ ಎಲ್ಲರೆದುರು ಗಂಡನ ಬೆನ್ನು ಚಪ್ಪರಿಸಿ ಕೋಲನ್ನು ಅವನ ಕೈಗೆ ಕೊಟ್ಟಳು. ಅವನ ಎದೆ ಉಬ್ಬಿತು. ಚಪ್ಪಲಿ ಕಳಚಿ ಒಲೆಯ ಮುಂದೆ ನಿಂತ.

ಹೊಸ ಹಂಡೆ ಕುದಿಯುವ ಹೊತ್ತಿಗೆ ಮೈದಾನದ ಮೈಕು ಕೂಗಿತು: ಆಡೂರ ಮಿಂಚು ಯಾರ ಕೈಗೂ ಸಿಗದೆ ಗೆದ್ದಿದೆ, ಮಾಲೀಕ ಪರಮೇಶಪ್ಪ ಎಲ್ಲಿದ್ದರೂ ವೇದಿಕೆಗೆ ಬರಬೇಕು. ಎರಡನೆಯ ಸಲವೂ ಕೂಗಿತು. ಮೂರನೆಯ ಸಲ, ಹಾರವನ್ನು ತಮ್ಮ ಹಾಲೇಶನಿಗೇ ಹಾಕಿದ್ದೇವೆ ಎಂದಿತು.