ಡಬ್ಬಿಯೊಳಗಿನ ಹೊತ್ತು

ಅಗಡಿಯ ಮಾಲತೇಶ ಎಂದೂ ಕೈಗಡಿಯಾರ ಕಟ್ಟಿದವನಲ್ಲ. ಕತ್ತೆತ್ತಿ ಸೂರ್ಯನನ್ನು ನೋಡಿ ಹೊತ್ತು ಹೇಳುತ್ತಿದ್ದ. ಆ ಹೆಮ್ಮೆಯೇ ಅವತ್ತು ಅವನಿಗೆ ಮುಳುವಾಯಿತು.

ಕದರಮಂಡಲಗಿಯ ಹನುಮಪ್ಪನ ಗುಡಿಯಲ್ಲಿ ತಂಗಿ ಅರುಣಾಳ ಮಗ ಮೈಲೇಶನ ಜವಳ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕಾದವನು ಸೋದರಮಾವ. "ಅಣ್ಣಾ, ಬ್ಯಾಡಗಿಯಿಂದ ಫೋಟೋದ ದುರ್ಗೇಶನ್ನ ಕರಕೊಂಡು ಲಗೂ ಬಾ," ಎಂದು ಅರುಣಾ ಮತ್ತೆ ಮತ್ತೆ ಹೇಳಿದ್ದಳು.

ಮುಂಜಾನೆ ಮಾಲತೇಶ ಹೋದಾಗ ದುರ್ಗೇಶ ಸ್ಟುಡಿಯೋದಲ್ಲಿ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬುತ್ತಿದ್ದ. ಮೇಜಿನ ಮೇಲೆ ಕರಿ ಡಬ್ಬಿಯಂಥ ಕನ್ನಡಕ.

"ಏನೋ ಇದು, ಗಾಣದೆತ್ತಿನ ಕಣ್ಣಿಗೆ ಕಟ್ಟೋದು ಇದ್ದಂಗ ಐತಿ?"

"ವಿಆರ್ ಅಂತಾರಣ್ಣ. ಹಾಕ್ಕೊಂಡ್ರ ಬ್ಯಾರೆ ಲೋಕಾನ ಕಾಣತೈತಿ. ಎರಡ ನಿಮಿಷ ನೋಡು."

ಹಾಕಿಕೊಂಡ. ಹೊಳೆ, ದೋಣಿ, ಕೈಯಲ್ಲಿ ಹುಟ್ಟು, ಎಳೆಬಿಸಿಲು. ಕಿವಿಯಲ್ಲಿ ನೀರಿನ ಸಪ್ಪಳ. ಸ್ವಲ್ಪ ಹೊತ್ತಿಗೆ ದುರ್ಗೇಶ ಭುಜ ತಟ್ಟಿದರೂ ಮಾಲತೇಶ ಡಬ್ಬಿ ತೆಗೆಯಲಿಲ್ಲ.

"ನೀ ಮುಂದ ನಡಿ, ನನ್ನ ಗಾಡಿ ಐತಿ. ಹೊಳಿ ಆ ದಂಡಿ ಮುಟ್ಟಿ ಬಂದೆ. ಹೊತ್ತು ಇನ್ನೂ ಮಾರುದ್ದ ಏರಿಲ್ಲ!"

ದುರ್ಗೇಶ ಹೋದ ಮೇಲೂ ಡಬ್ಬಿಯೊಳಗಿನ ಹೊತ್ತು ಏರಲಿಲ್ಲ. ಮಾಲತೇಶ ಆಗಾಗ ಕತ್ತೆತ್ತಿ ಸೂರ್ಯನನ್ನು ನೋಡಿ, ಸಮಾಧಾನದಿಂದ ಹುಟ್ಟು ಹಾಕಿದ. ಅವನ ಕೈ ಬೀಸಿಗೆ ಸ್ಟುಡಿಯೋದ ಪರದೆ ಬಿತ್ತು, ದೀಪ ಉರುಳಿತು. ಬಾಗಿಲಲ್ಲಿ ಜನ ಸೇರಿದರು.

"ಗಾಳಿ ಬಡದೈತಿ, ಮುಖಕ್ಕ ನೀರ ಹೊಡೀರಿ!"

"ಮುಟ್ಟಬ್ಯಾಡ್ರಿ, ಕರೆಂಟ್ ಹಿಡದೈತಿ!"

ಕೊನೆಗೆ ಪಕ್ಕದ ಚಹಾದಂಗಡಿಯ ಕುಲ್ಸುಮಬಿ, ಒಲೆಯ ಮೇಲಿನ ಪಾತ್ರೆ ಇಳಿಸುವಂತೆ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ತೆಗೆದಳು. "ಮುಂಜಾನಿಂದ ಗಾಳಿಗೇ ಹುಟ್ಟ ಹಾಕಾಕತ್ತೀಯಲ್ಲೋ ತಮ್ಮಾ! ನಿಮ್ಮ ಮನಿ ಜವಳ ಅಂತಿದ್ನಲ್ಲ ದುರ್ಗೇಶ?"

ಹೊರಗೆ ಸೂರ್ಯ ನೆತ್ತಿ ದಾಟಿದ್ದ. ಫೋನಿನ ತುಂಬ ತಂಗಿಯ ಕರೆಗಳು. ಡಬ್ಬಿಯನ್ನು ಕೊರಳಿಗೆ ಸಿಕ್ಕಿಸಿಕೊಂಡೇ ಗಾಡಿ ಓಡಿಸಿದ.

ಗುಡಿಯಲ್ಲಿ ಊಟದ ಪಂಕ್ತಿ ಏಳುತ್ತಿತ್ತು. ಮೈಲೇಶನ ಬೋಳುತಲೆ ಗಂಧ ಹಚ್ಚಿಕೊಂಡು ಮಿಂಚುತ್ತಿತ್ತು. "ಬಾರೋ ಅಪ್ಪಿ, ಮಾಮಾನ ಕಡೆ," ಎಂದು ಮಾಲತೇಶ ಕೈ ಚಾಚಿದ. ಮಗು ದುರ್ಗೇಶನ ಕೊರಳಿಗೆ ಜೋತುಬಿದ್ದು, "ಮಾಮಾ," ಎಂದಿತು.

ದುರ್ಗೇಶ ತಲೆ ತಗ್ಗಿಸಿದ. "ಮುಹೂರ್ತ ಮೀರಾಕತ್ತಿತ್ತಣ್ಣ. ಮಾವನ ಜಾಗಾದಾಗ ನನ್ನ ಕುಂದ್ರಿಸಿದ್ರು. ಫೋಟೋ ಹೊಡಿಯೋರಿಲ್ಲಂತ, ಸುತ್ತಲೂ ತಾನ ನೋಡೋ ಕ್ಯಾಮೆರಾ ನಡುವ ನಿಲ್ಲಿಸಿದ್ದೆ. ಆ ಡಬ್ಬಿ ಕೊಡು, ಹಚ್ಚಿ ಕೊಡ್ತೀನಿ. ಇಲ್ಲೇ ಇದ್ದಂಗ ಕಾಣತೈತಿ."

ಅರುಣಾ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಣ್ಣ. ಅಷ್ಟರಾಗ ನಿನಗ ಎಲಿ ಹಾಕ್ತೀನಿ," ಎಂದಳು.

ಡಬ್ಬಿಯೊಳಗೆ ಅದೇ ಗುಡಿ, ಜವಳಕ್ಕೆ ಮುಂಚಿನದು. ಮಾವನಿಗೆಂದು ಹಾಸಿದ ಕಂಬಳಿ ಖಾಲಿ. ಮಗುವನ್ನು ಎತ್ತಿಕೊಂಡ ಅರುಣಾ ದಾರಿ ನೋಡಿದಳು. ಫೋನು ಕಿವಿಗಿಟ್ಟಳು. ಕೂತಳು. ಗಾಡಿಯ ಸಪ್ಪಳಕ್ಕೆ ಎದ್ದಳು. ಬಂದವನು ಬೇರೆ ಯಾರೋ. ಮತ್ತೆ ದಾರಿ ನೋಡಿದಳು.

"ಬಂದೆನವ್ವಾ," ಎಂದ ಮಾಲತೇಶ. ಒಳಗಿನ ಅರುಣಾಗೆ ಕೇಳಿಸಲಿಲ್ಲ. ಹೊತ್ತು ನೋಡಲು ಕತ್ತೆತ್ತಿದ. ಗುಡಿಯ ಚಾವಣಿ ಕಂಡಿತು.

ತಡೆಯಲಾರದೆ ಡಬ್ಬಿ ತೆಗೆದು ಕಣ್ಣೊರೆಸಿಕೊಂಡ. "ಎಷ್ಟ ತಾಸಾತವ್ವಾ? ಅನ್ನ ಎಲ್ಲಾ ಆರಿರಬೇಕು."

ಅರುಣಾ ತಂಬಿಗೆ ಹಿಡಿದು ನಿಂತೇ ಇದ್ದಳು.

"ಆ ಡಬ್ಬಿ ಈಗರ ಹಾಕ್ಕೊಂಡೀಯಲ್ಲಣ್ಣ. ಎಲಿಗೆ ಇನ್ನೂ ನೀರ ಹೊಡದಿಲ್ಲ."