ಕರಿಗುಂಡಿನ ಎಂಟನೆಯ ಹಾಡು

ಈಶಪ್ಪ ಕಿಟಕಿ ತೆರೆದದ್ದೇ ತಪ್ಪಾಯಿತು.

ತೆರೆಯದೆ ಏನು ಮಾಡಬೇಕಿತ್ತು, ನೀವೇ ಹೇಳಿ. ಮೇ ತಿಂಗಳ ಶಹಾಪುರ, ಮಧ್ಯಾಹ್ನ ಎರಡೂವರೆ. ಫ್ಯಾನಿನ ಗರಗರ ಮೈಕಿಗೆ ಬೀಳುತ್ತದೆಂದು ಸ್ಟುಡಿಯೋದ ಗಯಾಸ ಅದನ್ನೂ ಬಂದ್ ಮಾಡಿದ್ದ. ಸ್ಟುಡಿಯೋ ಅಂದರೆ ಗಯಾಸನ ಮನೆಯ ಮುಂದಿನ ಕೋಣೆ ಅಷ್ಟೇ. ಸದ್ದು ಹೀರಲೆಂದು ನಾಲ್ಕೂ ಗೋಡೆಗೆ ಕೌದಿ ಬಡಿದಿದ್ದ. ಸೀರೆ ಅಂಗಡಿಯ ಸೇಲಿನ ಜಾಹೀರಾತು, ಉಳ್ಳಾಗಡ್ಡಿ ಗಾಡಿಯ ಕೂಗು, ಆಗೊಮ್ಮೆ ಈಗೊಮ್ಮೆ ತತ್ವಪದ, ಇವಿಷ್ಟು ಅಲ್ಲಿ ರೆಕಾರ್ಡ್ ಆಗುತ್ತಿದ್ದವು. ಮೂರು ತಿಂಗಳಿಂದ ಮಾತ್ರ ‘ಕರಿಗುಂಡು’ ಎಂಬ ಹೆವಿ ಮೆಟಲ್ ಬ್ಯಾಂಡಿನ ಮೊಟ್ಟಮೊದಲ ಆಲ್ಬಂ ಅಲ್ಲಿ ತಯಾರಾಗುತ್ತಿತ್ತು.

ಈಶಪ್ಪ ಆ ಬ್ಯಾಂಡಿನ ಹಾಡುಗಾರ. ಹೊಟ್ಟೆಪಾಡಿಗೆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಗುಮಾಸ್ತ. ಮಶೀನಿನ ಗದ್ದಲದಲ್ಲಿ ಎಂಟು ವರ್ಷ ತೂಕ ಕೂಗಿ ಕೂಗಿ ಅವನ ಗಂಟಲು ಮೆಟಲ್ಲಿಗೆ ಪಳಗಿತ್ತು. ಗಿಟಾರಿನವರು, ಡ್ರಮ್ಮಿನವರು ತಮ್ಮ ಪಾಲು ಮುಗಿಸಿ ಹೋಗಿದ್ದರು. ಬಾಕಿ ಇದ್ದದ್ದು ಎಂಟನೆಯ ಹಾಡಿನ ಕೊನೆಯ ಚೀರಾಟವೊಂದೇ. ಬರೋಬ್ಬರಿ ಹದಿನೆಂಟು ಸೆಕೆಂಡು, ನಡುವೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ. ಬೆಳಗಿನಿಂದ ಹನ್ನೊಂದು ಸಲ ಚೀರಿದ್ದ, ಹನ್ನೊಂದೂ ಕೆಟ್ಟಿದ್ದವು.

ಹೈದರಾಬಾದಿನ ಕಂಪನಿಯ ಶಿವರಂಜನಿ ಮೇಡಂ ಮೂಲತಃ ಯಾದಗಿರಿಯವಳೇ. ಆದರೂ ದಯೆ ದಾಕ್ಷಿಣ್ಯ ಇಲ್ಲದೆ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. "ಸಂಜಿ ಐದಕ್ಕ ಹಾಡು ನನ್ನ ಕೈಯಾಗ ಇರಬೇಕ್ರಿ. ಇಲ್ಲಂದ್ರ ನಮ್ಮ ಕಡಿ ಬ್ಯಾರೆ ಹಾಡುಗಾರ ಅದಾನ. ಎಂಟೂ ಹಾಡು ಅವನ ದನೀಲೇ ಮಾಡಸ್ತೀವಿ."

ಆ ಮಾತು ಈಶಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಹತ್ತು ವರ್ಷದಿಂದ ಅವನ ಹಾಡು ಕೇಳಿದವರೆಲ್ಲ ಹೊಟ್ಟೆನೋವೇನಪ್ಪ ಎಂದು ವಿಚಾರಿಸಿದವರೇ. ಒಂದೇ ಒಂದು ಆಲ್ಬಮ್ಮಿನಲ್ಲಿ ತನ್ನ ದನಿ ಉಳಿದರೆ ಸಾಕೆಂದು ಅವನು ಆಸೆಪಟ್ಟಿದ್ದ.

ಅಂತೂ ಕಿಟಕಿ ತೆರೆದ, ಅಂಗಿ ಕಳಚಿದ, ಕೂದಲು ಬಿಚ್ಚಿದ. ಗಂಟಲಿಗೆಂದು ಕುಡಿದ ಅರಿಶಿನದ ಹಾಲು ಗಲ್ಲಕ್ಕೆಲ್ಲ ಮೆತ್ತಿತ್ತು. ಕಿಟಕಿಯಿಂದ ಸೊಳ್ಳೆ ಬಂದಾವೆಂದು ಗಯಾಸ ಲೋಬಾನದ ಹೊಗೆ ಹಾಕಿದ. ಹೆಡ್‌ಫೋನಿನಲ್ಲಿ ಗಿಟಾರು ಶುರುವಾಯಿತು. ಈಶಪ್ಪ ಕಣ್ಣು ಮುಚ್ಚಿ, ತಲೆ ಗರಗರ ತಿರುಗಿಸಿ, ಹೊಟ್ಟೆಯ ಆಳದಿಂದ ಚೀರಿದ.

ಹತ್ತನೆಯ ಸೆಕೆಂಡಿಗೆ ಹೊಗೆ ಗಂಟಲಿಗಿಳಿದು ಕೆಮ್ಮು ಬಂತು. ಕಣ್ಣು ಬಿಟ್ಟು ನೋಡಿದರೆ ಕಿಟಕಿಯಾಚೆ ಹನ್ನೆರಡು ಹೆಂಗಸರು ಕೈಮುಗಿದು ನಿಂತಿದ್ದರು. ಮುಂದೆ ಇದ್ದವಳು ಪಕ್ಕದ ಮನೆಯ ಗೊಲ್ಲಾಳಮ್ಮ.

"ಮಂಗಳವಾರ ಬ್ಯಾರೆ," ಎಂದಳು ಗೊಲ್ಲಾಳಮ್ಮ ಗದ್ಗದಿಸಿ. "ಹುಡುಗನ ಮೈಮ್ಯಾಲೆ ತಾಯಿ ಬಂದಾಳ್ರೆವ್ವಾ!"

"ಇಲ್ರಿ ಯವ್ವಾ, ನಾ ಹಾಡಾಕತ್ತೇನಿ," ಎಂದ ಈಶಪ್ಪ. ಚೀರಿ ಚೀರಿ ದನಿ ಒಡೆದಿತ್ತು. ಆ ಮಾತೂ ಗುಹೆಯೊಳಗಿಂದ ಬಂದಂತೆ ಕೇಳಿಸಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು.

"ತಾಯೀ, ನನ್ನ ಆಡು ಕಳದು ಮೂರು ದಿನ ಆತು. ಎಲ್ಲಿ ಅದ ಹೇಳವ್ವ," ಎಂದಳು ಗೊಲ್ಲಾಳಮ್ಮ.

ಗಡಿಯಾರ ನೋಡಿದರೆ ಮೂರಕ್ಕೆ ಐದು ನಿಮಿಷ. ಈಶಪ್ಪನಿಗೆ ಸಿಟ್ಟು ನೆತ್ತಿಗೇರಿತು. ಇವರು ಇಲ್ಲಿಂದ ತೊಲಗಿದರೆ ಸಾಕೆಂದು, "ಗೋಗಿ ರೋಡಿಗೆ ಹೋಗಿ ನೋಡ್ರಿ, ಹೋಗ್ರಿ!" ಎಂದು ಗುಡುಗಿದ.

ಅವರು ಹೋದರು. ಕಿಟಕಿ ಮುಚ್ಚಿ ಮತ್ತೆ ಎರಡು ಸಲ ಚೀರಿದ. ಒಂದರಲ್ಲಿ ಉಸಿರು ಸಾಲಲಿಲ್ಲ. ಇನ್ನೊಂದು ಚೆನ್ನಾಗಿ ಬರುತ್ತಿದ್ದಾಗ ಹದಿನಾರನೆಯ ಸೆಕೆಂಡಿಗೆ ಯಾರೋ ಬಾಗಿಲು ಬಡಿದರು. ಗಯಾಸ ಬೈಯುತ್ತಾ ಬಾಗಿಲು ತೆಗೆದ. ಗೊಲ್ಲಾಳಮ್ಮ ಆಡನ್ನು ತಬ್ಬಿಕೊಂಡು ನಿಂತಿದ್ದಳು. ಗೋಗಿ ರೋಡಿನ ಬೇಲಿಯಲ್ಲಿ ಸಿಕ್ಕಿಹಾಕಿಕೊಂಡಿತ್ತಂತೆ. ಅವಳ ಹಿಂದೆ ನಲವತ್ತು ಮಂದಿ.

"ಅರೆ ಭಾಯ್, ಇದು ಸ್ಟುಡಿಯೋ, ಗುಡಿ ಅಲ್ಲ!" ಗಯಾಸ ಎರಡೂ ಕೈ ಅಡ್ಡ ಹಿಡಿದ. ನಲವತ್ತು ಮಂದಿ ಅವನ ಕಂಕುಳ ಕೆಳಗಿಂದಲೇ ತೂರಿ ಒಳಗೆ ಬಂದರು. ಒಬ್ಬಳು ಈಶಪ್ಪನ ಹಣೆಗೆ ಭಂಡಾರದ ಅರಿಶಿನ ಹಚ್ಚಿದಳು, ಇನ್ನೊಬ್ಬಳು ಕಾಲಿಗೆ ನೀರು ಸುರಿದಳು. ನೀರು ಕೇಬಲ್ಲಿನತ್ತ ಹರಿಯುತ್ತಿದ್ದಂತೆ ಗಯಾಸ ತನ್ನ ಅಂಗಿಯನ್ನೇ ಬಿಚ್ಚಿ ಒರೆಸತೊಡಗಿದ.

"ನಾ ದೇವ್ರಲ್ರಿ! ನಾ ಜಿನ್ನಿನ ಗುಮಾಸ್ತ!" ಎಂದು ಈಶಪ್ಪ ಕೈಜೋಡಿಸಿದ.

"ಹೌದ್ರಿ, ಹೌದ್ರಿ. ತಾಯಿ ಮೊದ್ಲು ಹಂಗ ಪರೀಕ್ಷಾ ಮಾಡ್ತಾಳ," ಎಂದ ಎದುರಿನ ಕಿರಾಣಿ ಅಂಗಡಿಯ ಮಲ್ಲಣ್ಣ. "ನಂದೊಂದು ಕೇಳವ್ವ. ಅಂಗಡ್ಯಾಗ ದಿನಾ ಬೆಲ್ಲ ಕಡಿಮಿ ಆಗಾಕತ್ತದ. ಯಾರು ತಿನ್ನಾಕತ್ತಾರ?"

"ಇಲಿ!" ಎಂದು ಈಶಪ್ಪ ಸಿಡುಕಿದ.

ಮಲ್ಲಣ್ಣ ಮೆಲ್ಲಗೆ ತಿರುಗಿ ಪಕ್ಕ ನಿಂತಿದ್ದ ತನ್ನ ಭಾವಮೈದುನನ ಉಬ್ಬುಹಲ್ಲು ನೋಡಿದ. ಅವನು ಬಾಯಿ ಮುಚ್ಚಿಕೊಂಡ. ಮಂದಿ ಇನ್ನಷ್ಟು ಹತ್ತಿರ ಸರಿದರು. ಸೊಸೆಗೆ ಗಂಡೋ ಹೆಣ್ಣೋ, ಬೋರಿಗೆ ನೀರು ಬೀಳುತ್ತದೋ ಇಲ್ಲವೋ, ಮಗ ಪಿಯುಸಿ ಪಾಸಾಗುತ್ತಾನೋ ಇಲ್ಲವೋ. ನಾಲ್ಕೂಕಾಲಾಯಿತು, ನಾಲ್ಕೂವರೆಯಾಯಿತು. ಗಯಾಸನ ಫೋನಿಗೆ ಮೇಡಂ ಎರಡು ಸಲ ಕರೆ ಮಾಡಿದಳು. ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಈಶಪ್ಪನಿಗೆ ಅಳುವೇ ಬಂತು. ಅದನ್ನು ಕಂಡು ನಾಲ್ಕು ಹೆಂಗಸರು, ತಾಯಿ ನೊಂದಾಳೆಂದು ತಾವೂ ಅತ್ತರು.

ನಾಲ್ಕೂ ಮುಕ್ಕಾಲಿಗೆ ಅವನಿಗೆ ಬುದ್ಧಿ ಹೊಳೆಯಿತು. ದೇವರಲ್ಲ ಎಂದರೆ ಇವರು ಕೇಳುವವರಲ್ಲ, ದೇವರಾಗಿ ಹೇಳಿದರೆ ಕೇಳಿಯಾರು. ಎದ್ದು ನಿಂತು ತೋಳು ಮೇಲೆತ್ತಿದ.

"ಎಲ್ಲಾರೂ ಕುಂದರ್ರಿ! ಕಣ್ಣು ಮುಚ್ಚರಿ! ನಾ ಒಮ್ಮಿ ಚೀರಿ ಮುಗಿಸೋ ತನಕ ಯಾರೂ ಪಿಟ್ಟ್ ಅನ್ನಂಗಿಲ್ಲ!"

ನಲವತ್ತು ಮಂದಿ ಧಪ್ಪೆಂದು ಕೂತರು. ಆಡಿನ ಬಾಯಿಯನ್ನು ಗೊಲ್ಲಾಳಮ್ಮ ಅಂಗೈಯಿಂದ ಮುಚ್ಚಿದಳು. ಕೋಣೆಯಲ್ಲಿ ಅಂಥ ನಿಶ್ಶಬ್ದ ಮೂರು ತಿಂಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ಗಯಾಸ ಬಟನ್ ಒತ್ತಿದ.

ಈಶಪ್ಪ ಚೀರಿದ. ಐದು ಸೆಕೆಂಡು, ಹತ್ತು, ಹದಿನೈದು. ಕಣ್ಣು ಕತ್ತಲೆ ಬಂದರೂ ಬಿಡಲಿಲ್ಲ. ಹದಿನೆಂಟು! ಜೀವಮಾನದಲ್ಲೇ ಅಂಥ ಚೀರಾಟ ಅವನಿಂದ ಬಂದಿರಲಿಲ್ಲ. ಅದು ಮುಗಿದದ್ದೇ ತಡ, ತಾಯಿಯ ಅಪ್ಪಣೆ ತೀರಿತೆಂದು ನಲವತ್ತೂ ಮಂದಿ ಒಂದೇ ದನಿಯಲ್ಲಿ, "ಉಧೋ! ಉಧೋ!" ಎಂದು ಕೂಗಿದರು. ಗೋಡೆಯ ಕೌದಿಗಳು ಅಲುಗಿದವು.

"ಮಂದಿ ಕೂಗಿದ್ದೂ ಬಿತ್ತಲ್ಲೋ," ಎಂದ ಗಯಾಸ. "ಕತ್ತರಸಾಕ ಟೈಮಿಲ್ಲ. ಹಂಗಽ ಕಳಸ್ಲಿ?"

"ಕಳಸು," ಎಂದು ಈಶಪ್ಪ ತುಟಿಯಲ್ಲೇ ಅಂದ. ಗಂಟಲು ಪೂರ್ತಿ ಬಿದ್ದುಹೋಗಿತ್ತು.

ಐದಕ್ಕೆ ಎರಡು ನಿಮಿಷವಿರುವಾಗ ಹಾಡು ಹೋಯಿತು. ಐದೂ ಹತ್ತಕ್ಕೆ ಫೋನು ಬಂತು. ಗಯಾಸ ಸ್ಪೀಕರ್ ಹಾಕಿದ. ಈಶಪ್ಪ ಗೋಡೆಗೆ ಒರಗಿ ಉಸಿರು ಬಿಗಿಹಿಡಿದ. ಏನು ಎತ್ತ ತಿಳಿಯದಿದ್ದರೂ ಮಂದಿಯೂ ಬಿಗಿಹಿಡಿದರು.

"ಭಾಳ ಛಂದ ಆಗ್ಯಾದ್ರಿ!" ಎಂದಳು ಶಿವರಂಜನಿ ಮೇಡಂ. "ನನ್ನ ಮೈ ಜುಮ್ ಅಂತು ನೋಡ್ರಿ. ಇಂಥಾ ದನಿ ನಮ್ಮ ಹೈದರಾಬಾದಿನ್ಯಾಗ ಹುಡುಕಿದ್ರೂ ಸಿಗಂಗಿಲ್ಲ."

ಈಶಪ್ಪನ ಕಣ್ಣಲ್ಲಿ ದಳದಳ ನೀರು ಬಂತು. ಗಯಾಸ ಅವನ ಬೆನ್ನು ಚಪ್ಪರಿಸಿದ.

"ಆ ಮಂದಿ ಎಲ್ಲೀವರು ಗಯಾಸಭಾಯ್? ಎಂಟೂ ಹಾಡು ಅವರ ಕಡಿಂದನಽ ಮಾಡಸ್ರಿ. ಅವರು ಕೂಗೋಕಿಂತ ಮೊದ್ಲು ಒಬ್ಬಾವ ಸುಮ್ಮನ ಚೀರ್ಯಾನಲ್ಲ, ಅದು ಅಡ್ಡ ಬರ್ತದ. ಆ ದನಿ ತಗದು ಒಗೀತೀನಿ. ತಡ ಮಾಡಬ್ಯಾಡ್ರಿ, ಇವತ್ತಽ ಶುರು ಮಾಡ್ರಿ."

ಫೋನು ಬಂದಾಯಿತು. ಕೋಣೆಯಲ್ಲಿ ಗುಜುಗುಜು ಎದ್ದಿತು. ಗೊಲ್ಲಾಳಮ್ಮ ಆಡನ್ನು ಮಲ್ಲಣ್ಣನ ಕೈಗೆ ಕೊಟ್ಟು, ಸೆರಗು ಹೊದ್ದು ಭಕ್ತಿಯಿಂದ ಈಶಪ್ಪನೆದುರು ಬಂದಳು.

"ತಾಯೀ, ನಾವು ಹಾಡಬೇಕಂತ. ನೀ ಹೂಂ ಅಂದ್ರ ಹಾಡ್ತೀವಿ, ಬ್ಯಾಡಂದ್ರ ಇಲ್ಲ."

ಬ್ಯಾಡ ಎನ್ನಲು ಈಶಪ್ಪ ಬಾಯಿ ತೆರೆದ. ಗಾಳಿಯ ಹೊರತು ಏನೂ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ, ಅದೂ ಇಲ್ಲ. ಸೋತು ಅವನ ತಲೆ ಎದೆಯ ಮೇಲೆ ಬಿತ್ತು.

"ಹೂಂ ಅಂದ್ಲು!" ಎಂದು ಗೊಲ್ಲಾಳಮ್ಮ ಕೂಗಿದಳು.

ಗಯಾಸ ಈಶಪ್ಪನ ಮುಖ ನೋಡದೆ ಅವನ ಕೊರಳಿನಿಂದ ಹೆಡ್‌ಫೋನು ತೆಗೆದುಕೊಂಡ. ಆಮೇಲೆ ಮೈಕಿನ ಸ್ಟ್ಯಾಂಡನ್ನು ಗೊಲ್ಲಾಳಮ್ಮನ ಎತ್ತರಕ್ಕೆ ಇಳಿಸಿದ.