ಪ್ರಮೇಯವು ಉದ್ಭವಿಸು

ಬೆಂಗಳೂರಿನಲ್ಲಿ ಕನ್ನಡ ಸಾಯುತ್ತಿದೆ ಎಂದು ಎಲ್ಲರೂ ಕೊರಗುತ್ತಾರೆ. ಬದರೀನಾರಾಯಣರ ಕೊರಗು ಸ್ವಲ್ಪ ಬೇರೆ. ಸಾಯುವುದೇ ಆದರೆ ಮರ್ಯಾದೆಯಾಗಿ ಸಾಯಲಿ, ಹೀಗೆ ಕಾಗುಣಿತ ಕೆಟ್ಟು ಸಾಯುವುದು ಬೇಡ ಎಂಬುದು ಅವರ ವಾದ. ಬಸವನಗುಡಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಮೇಲೆ ತಿದ್ದಲು ಹುಡುಗರ ಉತ್ತರಪತ್ರಿಕೆಗಳು ಸಿಗದೆ, ಅವರು ಊರಿನ ಬೋರ್ಡುಗಳನ್ನು ತಿದ್ದತೊಡಗಿದ್ದರು. 'ಸಸ್ಯಹಾರಿ ಹೋಟೆಲ್' ಎಂದು ಬರೆಸಿದ್ದ ಮಾಲೀಕನೊಬ್ಬನ ಗಲ್ಲಾದ ಮುಂದೆ ನಿಂತು, "ಹಾರಿ ಅಂದ್ರೆ ಅಪಹರಿಸೋನು, ಇದರ ಪ್ರಕಾರ ನೀವು ಗಿಡಗಳನ್ನ ಕದಿಯೋರು ಅಂತಾಗುತ್ತೆ" ಎಂದು ಬಿಡಿಸಿ ಹೇಳಿ ಬಂದಿದ್ದರು. ಆ ಮಾಲೀಕ ಈಗಲೂ ಅವರನ್ನು ಕಂಡರೆ ಅಡುಗೆಮನೆಗೆ ಹೋಗಿಬಿಡುತ್ತಾನೆ.

ಅವರ ಹೆಂಡತಿ ಭಾಗೀರಥಮ್ಮನಿಗೆ ಕೊರಗಲು ಪುರುಸೊತ್ತಿರಲಿಲ್ಲ. ಆಕೆಯ ಸಾರಿನ ಪುಡಿ, ಹುಳಿಪುಡಿಗಳಿಗೆ ನೆಟ್ಟಕಲ್ಲಪ್ಪ ಸರ್ಕಲ್ಲಿನಿಂದ ಹನುಮಂತನಗರದವರೆಗೆ ಗಿರಾಕಿಗಳಿದ್ದರು. ನಡುಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಸ್ಕ್ಯಾನರ್ ಕಾರ್ಡಿಗೆ ಫೋನು ತೋರಿಸಿ, ದುಡ್ಡು ಹಾಕಿ, ಪೊಟ್ಟಣ ಹಿಡಿದುಕೊಂಡು ಹೋಗುವವರ ಸಾಲೇ ಇರುತ್ತಿತ್ತು. ಗಂಡನ ಪಿಂಚಣಿಗಿಂತ ಹೆಂಡತಿಯ ಹುಳಿಪುಡಿಗೆ ಹೆಚ್ಚು ಗೌರವವಿದ್ದ ಮನೆ ಅದು. (ಇದನ್ನು ಬದರೀನಾರಾಯಣರು ಒಪ್ಪುತ್ತಿರಲಿಲ್ಲ, ಆದರೆ ಅಲ್ಲಗಳೆದದ್ದೂ ಇಲ್ಲ.)

ಭಾಗೀರಥಮ್ಮನ ಅಣ್ಣನ ಮಗಳು ಪ್ರಿಯಂವದಾ, ಹೀಗೆ ಫೋನಿನಲ್ಲಿ ದುಡ್ಡು ಸಾಗಿಸುವ ಆ್ಯಪಿನ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಅತ್ತೆ ಮಲಗಿದ್ದ ಹೊತ್ತಿನಲ್ಲಿ ಅವಳು ಮಾವನಿಗೆ ಫೋನು ಮಾಡಿದಳು. ವರ್ಷದಲ್ಲಿ ಯಾವ ಅಂಗಡಿಯವರಿಗೆ ಆ್ಯಪಿನ ಮೂಲಕ ಎಷ್ಟು ದುಡ್ಡು ಬಂತೆಂದು ಕಂಪನಿ ಸರ್ಕಾರಕ್ಕೊಂದು ತೆರಿಗೆ ವರದಿಯ ಫಾರಂ ಕೊಡಬೇಕು. ಕೊಟ್ಟಿದ್ದೇವೆ ಎಂದು ಗ್ರಾಹಕರಿಗೂ ತಿಳಿಸಬೇಕು. ಆ ಫಾರಂಗಾಗಿ ಗ್ರಾಹಕರು ಏನೂ ಕಟ್ಟಬೇಕಿಲ್ಲ, ಏನೂ ಮಾಡಬೇಕಿಲ್ಲ. ಇಷ್ಟೇ ವಿಷಯ. ಆದರೆ ಇಂಗ್ಲಿಷಿನ 'ಫಾರಂ', 'ನೋ ಆ್ಯಕ್ಷನ್'ಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಕನ್ನಡದಲ್ಲಿ, 'ನಿಮ್ಮ ತೆರಿಗೆಯ ರೂಪ ತಯಾರಾಗಿದೆ, ಯಾವುದೇ ನಟನೆ ಬೇಡ' ಎಂದು ಬರೆದುಕೊಟ್ಟಿತ್ತು.

ಬದರೀನಾರಾಯಣರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತರು. ಆಮೇಲೆ ನಿಧಾನವಾಗಿ, ಈ ಕೆಲಸವನ್ನು ತಾವು ವಹಿಸಿಕೊಳ್ಳುತ್ತೇವೆ, ಸಂಭಾವನೆಯ ಮಾತೇ ಬೇಡ ಎಂದರು. ಮೆಸೇಜು ಹೋಗುವವರೆಗೆ ಯಾರಿಗೂ ಹೇಳಬೇಡಿ ಎಂದಳು ಪ್ರಿಯಂವದಾ. ಅವರು ಹೆಂಡತಿಗೂ ಹೇಳಲಿಲ್ಲ. ಅದಕ್ಕೆ ಬೇರೊಂದು ಕಾರಣವಿತ್ತು. ಮೆಸೇಜು ಭಾಗೀರಥಿಯ ಫೋನಿಗೂ ಬರುತ್ತದೆ; ಅವಳು ಓದಿ, "ಎಂಥಾ ಕನ್ನಡ ರೀ, ಯಾರು ಬರೆದಿರಬಹುದು" ಎಂದು ಕೇಳುತ್ತಾಳೆ; ಆಗ ತಾವು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ವಿಷಯ ತಿಳಿಸುವುದು. ಮದುವೆಯಾದಾಗಿನಿಂದ ಅವರು ಇಂಥ ಒಂದು ಗಳಿಗೆಗೆ ಕಾದಿದ್ದರು.

ಬರೆದರು, ಹೊಡೆದುಹಾಕಿದರು, ನಿಘಂಟು ತೆಗೆದರು, ಮತ್ತೆ ಬರೆದರು. ಕೊನೆಗೆ ಸಿದ್ಧವಾದ ವಾಕ್ಯ ಇದು: 'ಮಾನ್ಯ ಗ್ರಾಹಕ ಮಹಾಶಯರೇ, ತಮ್ಮ ವಾರ್ಷಿಕ ವಹಿವಾಟಿನ ತೆರಿಗೆ ವರದಿ ನಮೂನೆಯನ್ನು ಸರ್ಕಾರಕ್ಕೆ ಸಲ್ಲಿಸಲಾಗಿದ್ದು, ಸದರಿ ಸಂಬಂಧ ತಾವು ತೆರಿಗೆ ಪಾವತಿಸತಕ್ಕ ಅಥವಾ ತಮ್ಮ ಮೇಲೆ ಕಾನೂನು ಕ್ರಮ ಜರುಗತಕ್ಕ ಪ್ರಮೇಯವು ಉದ್ಭವಿಸುವುದಿಲ್ಲವೆಂದು ತಿಳಿಯಪಡಿಸಲು ಹರ್ಷಿಸುತ್ತೇವೆ.' ಒಂದೇ ಉಸಿರಿನ ವಾಕ್ಯ. ಕ್ರಿಯಾಪದ ಕಟ್ಟಕಡೆಗೆ ಬಂದು ಇಡೀ ಅರ್ಥವನ್ನು ಕೈಹಿಡಿದು ದಡ ಸೇರಿಸುತ್ತದೆ. ಅದೇ ಕನ್ನಡದ ಸೊಗಸು. ಇಂಗ್ಲಿಷ್ ಮೀಡಿಯಮ್ಮಿನ ಪ್ರಿಯಂವದಾ ಅದನ್ನು ಕೂಡಿಸಿ ಕೂಡಿಸಿ ಓದಿ, "ತುಂಬಾ ಗ್ರ್ಯಾಂಡ್ ಆಗಿದೆ ಮಾವ" ಎಂದಳು. ಅವಳ ಮೇಲಧಿಕಾರಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಆತ ಕೂಡಲೇ ಒಪ್ಪಿಗೆ ಕೊಟ್ಟ.

ಮೆಸೇಜು ಬಂದ ಬೆಳಗ್ಗೆ ಭಾಗೀರಥಮ್ಮ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಫೋನು ಟಿಂಗ್ ಎಂದಿತು. ಬದರೀನಾರಾಯಣರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕಿವಿಯನ್ನು ಅಡುಗೆಮನೆಯಲ್ಲಿಟ್ಟರು.

"ರೀ, ಉದ್ಭವಿಸು ಅಂದ್ರೇನು?"

"ಹುಟ್ಟು ಅಂತ ಕಣೇ." ಅವರ ಕೈ ಆಗಲೇ ಕನ್ನಡಕಕ್ಕೆ ಹೋಗಿತ್ತು.

"ಯಾರು ಹುಟ್ಟೋದು?"

"ಯಾರೂ ಅಲ್ಲ. ಪ್ರಮೇಯ."

"ಪ್ರಮೇಯ ಅಂದ್ರೆ ಹೈಸ್ಕೂಲಲ್ಲಿ ತ್ರಿಕೋನ ಬರೆದು ಸಾಧಿಸ್ತಿದ್ವಲ್ಲ, ಅದಾ? ಅದಕ್ಕೂ ನನ್ನ ಸಾರಿನ ಪುಡಿಗೂ ಏನ್ ಸಂಬಂಧ?"

ಅದು ಬೇರೆ ಪ್ರಮೇಯ, ಇದು ಬೇರೆ ಪ್ರಮೇಯ ಎಂದು ಅವರು ವಿವರಿಸುವಷ್ಟರಲ್ಲಿ ಆಕೆ ಒಲೆ ಆರಿಸಿ ಹೊರಗೆ ಬಂದಳು. ಫೋನನ್ನು ಅವರ ಮೂಗಿನ ಮುಂದೆ ಹಿಡಿದಳು. ಅವರದೇ ವಾಕ್ಯ. ಆದರೆ '...ಸದರಿ ಸಂಬಂಧ ತಾವು ತೆರಿಗೆ ಪಾವತಿಸತಕ್ಕ ಅಥವಾ ತಮ್ಮ ಮೇಲೆ ಕಾನೂನು ಕ್ರಮ ಜರುಗತಕ್ಕ ಪ್ರಮೇಯವು ಉದ್ಭವಿಸು' ಎಂಬಲ್ಲಿಗೆ ಮೆಸೇಜು ಮುಗಿದಿತ್ತು. ಮೆಸೇಜಿಗೆ ಇಂತಿಷ್ಟೇ ಅಕ್ಷರವೆಂಬ ಲೆಕ್ಕವಿದೆ, ಮೀರಿದರೆ ತುಂಡಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ದಡ ಸೇರಿಸಬೇಕಾಗಿದ್ದ ಕ್ರಿಯಾಪದ ನಡುನೀರಿನಲ್ಲಿ ಕೈಬಿಟ್ಟಿತ್ತು.

ಮುಂದೆ 'ವುದಿಲ್ಲ' ಅಂತಿರುತ್ತೆ, ಹೆದರಬೇಡ ಎಂದರು ಅವರು. ನಿಮಗೆ ಹೇಗೆ ಗೊತ್ತು ಎಂದಳು ಆಕೆ. ಹೇಳಬಹುದಾಗಿದ್ದ ಗಳಿಗೆ ಅದು. ಆದರೆ ಹೊಗಳಿಕೆಗೆಂದು ಸಿದ್ಧವಾಗಿದ್ದ ಬಾಯಿ ತಪ್ಪೊಪ್ಪಿಗೆಗೆ ತಿರುಗಲಿಲ್ಲ.

"ವ್ಯಾಕರಣ ನೋಡಿದ್ರೆ ಗೊತ್ತಾಗುತ್ತೆ," ಎಂದುಬಿಟ್ಟರು.

"ತೆರಿಗೆಯವರು ಬಂದಾಗ ಬಾಗಿಲಲ್ಲಿ ನಿಂತ್ಕೊಂಡು ವ್ಯಾಕರಣ ಹೇಳಿ, ಆಯ್ತಾ?"

ಸ್ವಲ್ಪ ಹೊತ್ತಿಗೆ ಇನ್ನೊಂದು ಮೆಸೇಜು ಬಂತು. ಅದು ಸೀರೆ ಅಂಗಡಿಯ ಆಷಾಢದ ರಿಯಾಯಿತಿ. ಅದರ ಹಿಂದೆ ಮತ್ತೊಂದು: 'ವುದಿಲ್ಲವೆಂದು ತಿಳಿಯಪಡಿಸಲು ಹರ್ಷಿಸುತ್ತೇವೆ.' ಬದರೀನಾರಾಯಣರು ಜೀವ ಬಂದವರಂತೆ, ಮೊದಲನೆಯದಕ್ಕೆ ಇದನ್ನು ಸೇರಿಸಿ ಓದು ಎಂದರು. ನಡುವೆ ಸೀರೆ ಇದೆಯಲ್ಲ ಎಂದಳು ಭಾಗೀರಥಮ್ಮ. ಸೀರೆ ಬಿಟ್ಟು ಓದು ಎಂದರು. ಸೀರೆಯನ್ನೂ ಸೇರಿಸಿ ನೋಡಿದಳು, ಬಿಟ್ಟೂ ನೋಡಿದಳು, ಕೊನೆಗೆ ಆಕೆಗೆ ಖಚಿತವಾಗಿ ಅರ್ಥವಾದದ್ದು ಒಂದೇ ಪದ.

"ನಮ್ಮನ್ನ ಹಿಡಿಯೋದಕ್ಕೆ ಅವರಿಗೆ ಹರ್ಷ ಬೇರೆ."

ಸ್ಕ್ಯಾನರ್ ಕಾರ್ಡು ಗೋಡೆಯಿಂದ ಇಳಿದು ಅಕ್ಕಿ ಡಬ್ಬಿಯ ತಳ ಸೇರಿತು. ಅದೇ ಹೊತ್ತಿಗೆ ಪಕ್ಕದ ಬೀದಿಯ ಗಿರಿಜಾಂಬಾ, ಶ್ರಾವಣದಲ್ಲಿಟ್ಟುಕೊಂಡಿದ್ದ ಮೊಮ್ಮಗನ ಉಪನಯನಕ್ಕೆ ಹೇಳಿದ್ದ ರಾಶಿ ಪುಡಿಯನ್ನು ಒಯ್ಯಲು ಆಟೋ ತಂದರು. ಭಾಗೀರಥಮ್ಮ ಬರೀ ನೋಟು ಕೊಡಿ ಎಂದಳು. ಅಷ್ಟು ನೋಟು ಈಗ ಯಾರ ಮನೆಯಲ್ಲಿರುತ್ತೆ ಎಂದರು ಗಿರಿಜಾಂಬಾ. ಹಾಗಾದರೆ ಆಮೇಲೆ ನೋಡೋಣ ಎಂದಳು. ನೆಂಟರ ಮುಂದೆ ಹೊಗಳಿಕೊಂಡಿದ್ದ ಸಾರಿನ ಪುಡಿ ಸಿಗದೆ ಗಿರಿಜಾಂಬಾ ಮುಖ ಗಂಟಿಕ್ಕಿಕೊಂಡು ಖಾಲಿ ಆಟೋದಲ್ಲಿ ಹೋದರು. ಆಟೋ ಮರೆಯಾದ ಮೇಲೆ ಭಾಗೀರಥಮ್ಮ ಪೊಟ್ಟಣಗಳ ನಡುವೆ ಕುಳಿತು, ಈ ವ್ಯಾಪಾರವೇ ಬೇಡ, ನಿಲ್ಲಿಸಿಬಿಡ್ತೀನಿ ಎಂದಳು. ಅಳಲಿಲ್ಲ, ಅತ್ತಿದ್ದರೆ ಬದರೀನಾರಾಯಣರಿಗೆ ಸುಲಭವಾಗುತ್ತಿತ್ತು. ಅವರು ಚೀಲ ತೆಗೆದುಕೊಂಡು, ತರಕಾರಿ ತರುತ್ತೇನೆಂದು ಹೊರಬಿದ್ದರು.

ಗಾಂಧಿಬಜಾರಿನಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಗಾಡಿಗಾಡಿಯ ಸ್ಕ್ಯಾನರಿನ ಮೇಲೂ ಪೇಪರು ಅಂಟಿಸಿದ್ದರು. ಕಾಫಿಪುಡಿ ಅಂಗಡಿಯ ದೇವಯ್ಯ, ದುಡ್ಡು ಬಂತೆಂದು ಕೂಗುವ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ಅದರ ಮೇಲೆ ಕುಳಿತಿದ್ದ. ಇವರನ್ನು ಕಂಡದ್ದೇ, ಮೇಷ್ಟ್ರು ಬಂದರು ಎಂಬ ಸುದ್ದಿ ಸಾಲಿನುದ್ದಕ್ಕೂ ಓಡಿತು. ಹತ್ತಾರು ಫೋನುಗಳು ಅವರ ಮುಖಕ್ಕೆ ಬಂದವು. ಕೆಲವುಗಳಲ್ಲಿ ಮೆಸೇಜಿನ ತಲೆಯಷ್ಟೇ ಬಂದಿತ್ತು, ಕೆಲವುಗಳಲ್ಲಿ ಬಾಲವಷ್ಟೇ, ಒಂದರಲ್ಲಿ ಬಾಲ ಮೊದಲು ಬಂದು ತಲೆ ಆಮೇಲೆ ಬಂದಿತ್ತು. ನೋಡುತ್ತ ನೋಡುತ್ತ ಬದರೀನಾರಾಯಣರಿಗೇ ತಾವು ಏನು ಬರೆದಿದ್ದೆವೆಂಬುದು ಗೊಂದಲವಾಗತೊಡಗಿತು.

ಹೂವಿನ ಮುನಿಯಕ್ಕ ಮಾತ್ರ ನೇರವಾಗಿ ಕೇಳಿದಳು. "ಉದ್ಭವಿಸು ಅಂದವ್ನೆ, ಸರಿ. ಯಾವಾಗ ಉದ್ಭವಿಸ್ತೈತೆ ಅಂತ ಹೇಳ್ಬೇಕೋ ಬ್ಯಾಡ್ವೋ? ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆನೋ, ಆದ್ಮ್ಯಾಲೋ?"

ಅವರು ಏನೂ ಆಗುವುದಿಲ್ಲ ಎಂದರು. ಬರೆದಿರುವುದು ಹಾಗಿಲ್ಲವಲ್ಲ ಎಂದರು ಎಲ್ಲರೂ. ಆಮೇಲೆ ದೇವಯ್ಯ, ಹೀಗೆ ಬಾಯಿಮಾತಲ್ಲಿ ಆಗುವುದಿಲ್ಲ, ಕಂಪನಿಗೆ ಒಂದು ದೂರು ಬರೆಯೋಣ, ಬರೆಯುವುದಕ್ಕೆ ಮೇಷ್ಟ್ರಿಗಿಂತ ಬೇಕೇ ಎಂದ. ಯಾರೋ ಸ್ಟೂಲು ತಂದರು. ಯಾರೋ ಕಾಗದ ತಂದರು. ಬದರೀನಾರಾಯಣರು ಮೆತ್ತಗೆ ನಾಲ್ಕು ಸಾಲು ಗೀಚಿ ಎದ್ದುಬಿಡಬೇಕೆಂದು ಕುಳಿತರು. ಆದರೆ ಸುತ್ತ ಜನ, ಕೈಯಲ್ಲಿ ಪೆನ್ನು, ಎದುರಿಗೆ ಖಂಡಿಸಲು ಒಬ್ಬ ಅಪರಾಧಿ. ಪೆನ್ನು ಕೈಮೀರಿ ಹೋಯಿತು. 'ಸದರಿ ಸಂದೇಶದ ದುರ್ಬೋಧ ಪದಪ್ರಯೋಗದಿಂದಾಗಿ ವರ್ತಕ ಸಮುದಾಯವು ಕಿಂಕರ್ತವ್ಯವಿಮೂಢವಾಗಿದ್ದು, ಇದನ್ನು ರಚಿಸಿದ ಭಾಷಾಘಾತುಕನ ಅವಿವೇಕವನ್ನು ಖಂಡಿಸದೆ ಇರುವುದು ಅಶಕ್ಯವೆಂದು...' ಎಂದು ಎರಡು ಪುಟ ಹರಿಯಿತು. ತಮ್ಮನ್ನು ತಾವು ಇಷ್ಟು ಚೆನ್ನಾಗಿ ಬೈದುಕೊಳ್ಳಬಲ್ಲೆವೆಂದು ಅವರಿಗೆ ಅಂದೇ ತಿಳಿದದ್ದು.

ಓದಿ ಹೇಳಿದಾಗ ಮುನಿಯಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿ, ಒಂದೂ ತಿಳಿಯಲಿಲ್ಲ, ಆದರೆ ಚೆನ್ನಾಗಿ ಉಗಿದಿದ್ದೀರಿ ಎಂದು ಮೆಚ್ಚಿಕೊಂಡಳು. ಎಲ್ಲರೂ ಸಹಿ ಹಾಕಿದರು. ಸುದ್ದಿ ತಿಳಿದು ಭಾಗೀರಥಮ್ಮನೂ ಬಂದು ಹಾಕಿದಳು. ಬರೆದವರ ಹೆಸರು ಮಾತ್ರ ಕಾಗದದಲ್ಲಿರಲಿಲ್ಲ. ನಾನು ವರ್ತಕನಲ್ಲವಲ್ಲ ಎಂದು ಅವರು ಜಾರಿಕೊಂಡಿದ್ದರು. ಆ ಸಂಜೆ ಹೆಂಡತಿ ಅವರಿಗೆ ಕೇಳದೆಯೇ ಎರಡನೆಯ ಸಲ ಕಾಫಿ ಕೊಟ್ಟಳು. ಅವರು ಅದನ್ನು ಆಕೆಯ ಮುಖ ನೋಡದೆ ಕುಡಿದರು.

ಎರಡು ದಿನ ಕಳೆದ ಮೇಲೆ ಪ್ರಿಯಂವದಾಳ ಫೋನು ಬಂತು. ಬದರೀನಾರಾಯಣರು ಸ್ನಾನಕ್ಕೆ ಹೊರಟಿದ್ದರು. ಭಾಗೀರಥಮ್ಮನ ಕೈಯೆಲ್ಲ ಹಿಟ್ಟಾಗಿದ್ದರಿಂದ ಆಕೆ ಮೊಣಕೈಯಲ್ಲಿ ಸ್ಪೀಕರ್ ಒತ್ತಿ, ನಿಮ್ಮ ಫೋನು ಬನ್ನಿ ಎಂದು ಕೂಗಿದಳು.

"ಮಾವ, ಗಾಂಧಿಬಜಾರಿಂದ ಒಂದು ಲೆಟರ್ ಬಂದಿದೆ," ಎಂದಿತು ಫೋನು. "ಬೈದಿದಾರೋ ಹೊಗಳಿದಾರೋ ಇಲ್ಲಿ ಯಾರಿಗೂ ಗೊತ್ತಾಗ್ತಿಲ್ಲ. ಆ ಮೆಸೇಜ್ ಬರೆದುಕೊಟ್ರಲ್ಲ, ಅವರನ್ನೇ ಕೇಳಿ, ಅವರಿಗಾದ್ರೆ ಅರ್ಥ ಆಗುತ್ತೆ ಅಂದ್ರು ನಮ್ಮ ಬಾಸ್."

ಟವೆಲು ಸುತ್ತಿಕೊಂಡಿದ್ದ ಬದರೀನಾರಾಯಣರು ಬಚ್ಚಲ ಬಾಗಿಲಲ್ಲೇ ನಿಂತರು. ಭಾಗೀರಥಮ್ಮ ಹಿಟ್ಟಿನ ಕೈಯನ್ನು ಪಾತ್ರೆಯಿಂದ ನಿಧಾನವಾಗಿ ಹೊರತೆಗೆದಳು. ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ, ನಿಮ್ಮ ಕಂಪನಿಗೆ ಅಸಲು ಏನು ಹೇಳಬೇಕಾಗಿತ್ತು ಎಂದು ವಿಚಾರಿಸಿದಳು. ಪ್ರಿಯಂವದಾ ಹೇಳಿದಳು.

"ಅಷ್ಟಕ್ಕೆ ಇಷ್ಟಾ? ಹೆದರಬೇಡಿ, ಈ ಫಾರಂಗೆ ನೀವು ಏನೂ ಕಟ್ಟಬೇಕಿಲ್ಲ, ಏನೂ ಮಾಡಬೇಕಿಲ್ಲ, ಆ್ಯಪಲ್ಲಿದೆ, ಬೇಕಿದ್ರೆ ನೋಡ್ಕೊಳಿ ಅಂತ ಹೇಳೋದಕ್ಕೆ ಆ ಮನುಷ್ಯನಿಗೆ ಏನು ಬಂದಿತ್ತು ರೋಗ?"

ಅತ್ತ ಕಡೆ ಟಕಟಕ ಸದ್ದಾಯಿತು. "ಇನ್ನೊಂದ್ಸಲ ಹೇಳಿ ಅತ್ತೆ. ರೋಗ ಬಿಟ್ಟು ಮಿಕ್ಕಿದ್ದು ಹಾಗೇ ಹಾಕ್ತೀನಿ."

ಸಂಜೆಯ ಹೊತ್ತಿಗೆ ಹೊಸ ಮೆಸೇಜು ತುಂಡಾಗದೆ ಎಲ್ಲರ ಫೋನಿಗೂ ಬಂತು. ಗಿರಿಜಾಂಬಾ ಅದೇ ಆಟೋದಲ್ಲಿ ಮತ್ತೆ ಬಂದು ಪೊಟ್ಟಣಗಳನ್ನೆಲ್ಲ ಒಯ್ದರು. ಭಾಗೀರಥಮ್ಮ ಗಂಡನಿಗೆ ಒಂದು ಮಾತೂ ಬೈಯಲಿಲ್ಲ. ಮಾರನೆಯ ಬೆಳಗ್ಗೆ ಅವರ ಮುಂದೆ ಪೇಪರಿನ ಬದಲು ಜರಡಿಯನ್ನೂ ಪುಡಿ ಮಾಡಿದ ಬ್ಯಾಡಗಿ ಮೆಣಸಿನಕಾಯಿಯ ಬೇಸಿನ್ನನ್ನೂ ಇಟ್ಟಳು, ಅಷ್ಟೇ. ಅವರು ತೋಳು ಮಡಚಿ ದಿನವಿಡೀ ಜರಡಿ ಹಿಡಿದರು.

ಸಂಜೆ ಇಬ್ಬರೂ ಹೂವಿಗೆಂದು ಹೋದಾಗ ಬಜಾರಿನಲ್ಲಿ ಸ್ಕ್ಯಾನರುಗಳೆಲ್ಲ ಮತ್ತೆ ಮುಖ ತೋರಿಸಿದ್ದವು. ದೇವಯ್ಯ ಅಂಗಡಿಯಿಂದ ಇಳಿದು ಬಂದು ಕೈ ಹಿಡಿದುಕೊಂಡ. ಮೇಷ್ಟ್ರ ಕಾಗದ ತಲುಪಿದ ಮರುದಿನವೇ ಕಂಪನಿ ಮೆತ್ತಗಾಗಿ ನೆಟ್ಟಗೆ ಬರೆದಿದೆಯಲ್ಲ, ಕಾಗದವೆಂದರೆ ಹೀಗಿರಬೇಕು ಎಂದ. ಸುತ್ತ ಜನ ಸೇರಿದರು. ಮುನಿಯಕ್ಕ ಬುಟ್ಟಿಯಿಂದ ಸುಗಂಧರಾಜದ ಹಾರವೊಂದನ್ನು ಎತ್ತಿ, ಬೇಡ ಬೇಡವೆಂದರೂ ಕೇಳದೆ ಬದರೀನಾರಾಯಣರ ಕೊರಳಿಗೆ ಹಾಕಿದಳು.

"ಆ ಮೊದ್ಲು ಬರ್ದೋನ್ನ ಕೆಲ್ಸದಿಂದ ತೆಗ್ದಾಕಿರ್ಬೇಕಲ್ವಾ ಮೇಷ್ಟ್ರೇ?"

"ತೆಗೆದಿದಾರೆ," ಎಂದರು ಅವರು, ಹಾರದ ಒಳಗಿನಿಂದ.

ದೇವಯ್ಯನಿಗೆ ಕನಿಕರವಾಯಿತು. ಎಷ್ಟಾದರೂ ಅವನಿಗೂ ಒಂದು ಸಂಸಾರ ಇರುತ್ತದೆ, ಪಾಪ ಎಂದ.

"ಅದಕ್ಕೇನೂ ಯೋಚನೆ ಬೇಡ," ಎಂದಳು ಭಾಗೀರಥಮ್ಮ, ಮಲ್ಲಿಗೆಯ ಮೊಳ ನೋಡುತ್ತ. "ಬೇರೆ ಕಡೆ ಕೆಲಸ ಸಿಕ್ಕಿದೆಯಂತೆ. ಪುಡಿ ಜರಡಿ ಹಿಡಿಯೋದು. ಕನ್ನಡ ಬರಬೇಕು ಅಂತೇನಿಲ್ವಂತೆ."

ಎಲ್ಲರೂ ನಕ್ಕರು. ಬದರೀನಾರಾಯಣರೂ ಸಭಾಮರ್ಯಾದೆಗೆಂದು ನಗಲು ಬಾಯಿ ತೆರೆದರು. ಆದರೆ ಮೀಸೆಯಲ್ಲಿ ಉಳಿದಿದ್ದ ಬ್ಯಾಡಗಿ ಮೂಗಿಗೇರಿ, ನಗುವಿನ ಬದಲು ಸೀನು ಬಂತು. ಒಂದರ ಹಿಂದೊಂದು, ಹಾರದ ಎಸಳುಗಳು ಮುನಿಯಕ್ಕನ ಬುಟ್ಟಿಗೆ ವಾಪಸು ಉದುರುವಷ್ಟು.